ಅಂಕಿತದ ಜಾಗ

ನಮ್ಮ ಕಡೆ ಹಾಡು ಕಟ್ಟುವವನು ಕೊನೆಯ ಸಾಲಿನಲ್ಲಿ ಒಂದು ಹೆಸರು ಇಡುತ್ತಾನೆ. ಅದಕ್ಕೆ ಅಂಕಿತ ಎನ್ನುತ್ತಾರೆ. ದೇವರ ಹೆಸರೋ, ಗುರುವಿನ ಹೆಸರೋ, ಮೇಳದ ಹಿರಿಯನ ಹೆಸರೋ ಅಲ್ಲಿರುತ್ತದೆ. ಹಾಡು ಎಷ್ಟು ಬಾಯಿ ದಾಟಿ ಯಾವ ಊರಿಗೆ ಹೋದರೂ ಆ ಹೆಸರು ಬಂದ ಕೂಡಲೇ ಇದು ಇಂಥವರದು ಎಂದು ಗೊತ್ತಾಗುತ್ತದೆ. ನನಗೆ ಗುರುವಿರಲಿಲ್ಲ. ಮೇಳ ಇರಲಿಲ್ಲ. ದೇವರಿಗೂ ನನಗೂ ಅಷ್ಟಕ್ಕಷ್ಟೆ. ಆದ್ದರಿಂದ ನನ್ನ ಸ್ವಂತ ಹೆಸರನ್ನೇ ಇಟ್ಟುಕೊಂಡೆ. ಆಗ ನನಗೆ ಇಪ್ಪತ್ತೆರಡು ವರ್ಷ, ಮೈತುಂಬ ಸೊಕ್ಕು. “ಗುರು ಇಲ್ಲದಾಂವ ತನಗ ತಾನಽ ಗುರು ಆಗ್ಯಾನ ನೋಡ್ರಿ” ಎಂದು ನಮ್ಮೂರು ಗಜೇಂದ್ರಗಡದ ಹಿರಿಯರು ನಕ್ಕರು. ನಗಲಿ ಎಂದುಕೊಂಡೆ.

ಐವತ್ತರ ದಶಕದ ಮೊದಲ ವರ್ಷಗಳ ಮಾತು ಇದು. ನಾವಿನ್ನೂ ಮುಂಬಯಿ ಸರಕಾರದವರು. ನಾನು ನೇಕಾರ. ನಮ್ಮದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು, ತುಳಿಯುತ್ತ ತುಳಿಯುತ್ತ ಸೀರೆ ನೇಯುವುದು. ಲಾಳಿ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಓಡುವ ಸದ್ದಿಗೆ ಮಾತು ತಾನಾಗಿ ಹೊಂದಿಕೊಳ್ಳುತ್ತಿತ್ತು. ನಾನು ಕಟ್ಟುತ್ತಿದ್ದದ್ದು ದೊಡ್ಡ ಹಾಡುಗಳಲ್ಲ. ರೋಣದ ಬಸ್ಸಿಗೆ ಕಾದು ಕಾದು ಬೇಸತ್ತವನ ಹಾಡು, ಎರೆಹೊಲದ ಕೆಸರು ಕಾಲಿಗೆ ಹತ್ತಿ ಚಪ್ಪಲಿ ಕಳಕೊಂಡವನ ಹಾಡು, ಬಳೆ ತೊಡಿಸಿಕೊಳ್ಳುವಾಗ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡ ಹುಡುಗಿಯ ಹಾಡು. ಸಂತೆಯ ದಿನ ಏಕತಾರಿ ಹೆಗಲಿಗೆ ಹಾಕಿಕೊಂಡು ರೋಣಕ್ಕೆ ಹೋಗುತ್ತಿದ್ದೆ. ಜೋಳ, ಕಡಲೆ, ಹತ್ತಿಯ ವ್ಯಾಪಾರ ಮುಗಿಸಿ ಕೂತ ವ್ಯಾಪಾರಸ್ಥರು ಕರೆದು ಹಾಡಿಸುತ್ತಿದ್ದರು. “ಇವೆಂಥಾ ಹಾಡ ಹಚ್ಚೀಪಾ, ದೇವರಿಲ್ಲ, ಸವಾಲಿಲ್ಲ, ಜವಾಬಿಲ್ಲ” ಎನ್ನುವರು. ಅಂದ ಮೇಲೆ, “ಆತು, ಇನ್ನೊಂದ ಆಗಲಿ” ಎನ್ನುವವರೂ ಅವರೇ.

ಆದರೆ ನನ್ನಲ್ಲೊಂದು ದೊಡ್ಡ ಐಬು ಇತ್ತು. ಸಂಜೆ ಕಟ್ಟಿದ ಹಾಡು ಬೆಳಿಗ್ಗೆ ನನಗೆ ನೆನಪಿರುತ್ತಿರಲಿಲ್ಲ. ಬರೆದಿಡೋಣವೆಂದರೆ ಸಾಲೆಯನ್ನು ಎರಡನೆಯ ಇಯತ್ತೆಗೇ ಬಿಟ್ಟವನು ನಾನು. ನಾನು ಬರೆದದ್ದು ನನಗೇ ಓದಲು ಬರುತ್ತಿರಲಿಲ್ಲ. ಈಗಲೂ ಇದನ್ನು ನಾನು ಹೇಳುತ್ತಿದ್ದೇನೆ, ನನ್ನ ಮಗಳು ಬರೆದುಕೊಳ್ಳುತ್ತಿದ್ದಾಳೆ.

ಆಗ ನನ್ನ ಹಾಡುಗಳನ್ನು ಇಟ್ಟುಕೊಂಡವಳು ನನ್ನ ಹೆಂಡತಿ. ಅವಳು ಬೆಳವಣಕಿಯವಳು, ಒಕ್ಕಲುತನದ ಮನೆಯವಳು. ಮಗ್ಗದ ಪಕ್ಕದಲ್ಲಿ ಕೂತು ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಿ ಸುತ್ತಿ ಕೊಡುವುದು ಅವಳ ಕೆಲಸ. ನಾನು ಹಾಡು ಕಟ್ಟುವಾಗ ತಲೆ ಎತ್ತಿಯೂ ನೋಡುತ್ತಿರಲಿಲ್ಲ. ಆದರೆ ಒಂದು ಸಲ ಕೇಳಿದಳೆಂದರೆ ಮುಗಿಯಿತು. ಎಂಟು ದಿನ ಬಿಟ್ಟು, “ಆ ಬಳಿ ಹಾಡ ಹ್ಯಾಂಗಿತ್ತಽ?” ಎಂದು ನಾನು ಕೇಳಿದರೆ, ಕೈಯೊಳಗಿನ ನೂಲು ಬಿಡದೆ ಮೊದಲಿನಿಂದ ಕೊನೆಯವರೆಗೆ ಸಣ್ಣ ದನಿಯಲ್ಲಿ ಹಾಡಿ ತೋರಿಸುವಳು. ಹೀಗೆ ಅವಳಿಂದ ನನ್ನ ಹಾಡನ್ನು ನಾನೇ ಕಲಿತು ಸಂತೆಗೆ ಹೋಗುತ್ತಿದ್ದೆ. ಊರವರು ನನ್ನನ್ನು ಹೊಗಳುತ್ತಿದ್ದರು. ನಾನು ಹೊಗಳಿಸಿಕೊಂಡು ಬರುತ್ತಿದ್ದೆ.

ಒಂದು ಕಡೆ ಮಾತ್ರ ಅವಳು ತಪ್ಪದೆ ನಿಲ್ಲುತ್ತಿದ್ದಳು. ಅಂಕಿತದಲ್ಲಿ. ಅಲ್ಲಿ ನನ್ನ ಹೆಸರಿತ್ತು. ಗಂಡನ ಹೆಸರು ಬಾಯಲ್ಲಿ ತರಬಾರದು, ತಂದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮ ಹೆಣ್ಣುಮಕ್ಕಳು ನಂಬಿದ್ದ ಕಾಲ ಅದು. ನನ್ನ ಹೆಸರು ನಾಲ್ಕಕ್ಷರದ್ದು. ಆ ನಾಲ್ಕಕ್ಷರದ ಜಾಗದಲ್ಲಿ ಅವಳು ಬಾಯಿ ಮುಚ್ಚಿಕೊಂಡು ‘ಹ್ಮ್‌ಹ್ಮ್’ ಎಂದು ರಾಗ ಎಳೆದು ಮುಂದಿನ ಮಾತಿಗೆ ಹೋಗುತ್ತಿದ್ದಳು. ನನಗೆ ನಗು ಬರುತ್ತಿತ್ತು. ನನ್ನ ಹೆಸರು ನನಗೆ ಮರೆಯುವುದಿಲ್ಲವಲ್ಲ, ಅದೊಂದನ್ನು ನಾನು ತುಂಬಿಕೊಳ್ಳುತ್ತಿದ್ದೆ.

ಅವಳು ನನ್ನ ಹೆಸರು ಹೇಳಿದ್ದನ್ನು ನಾನು ಕೇಳಿದ್ದು ಒಂದೇ ಸಲ, ಮದುವೆಯಾಗಿ ನಮ್ಮ ಮನೆ ಹೊಸ್ತಿಲ ಮುಂದೆ ನಿಂತಾಗ. ನನ್ನ ಅಕ್ಕ, ಚಿಕ್ಕಮ್ಮಂದಿರೆಲ್ಲ ಬಾಗಿಲಿಗೆ ಅಡ್ಡ ನಿಂತು ಒಡಪು ಕೇಳಿದರು. ಒಡಪು ಅಂದರೆ ಎರಡು ಸಾಲಿನ ಪ್ರಾಸದ ಮಾತು, ಅದರೊಳಗೆ ಗಂಡ ಹೆಂಡತಿಯ ಹೆಸರನ್ನೂ ಹೆಂಡತಿ ಗಂಡನ ಹೆಸರನ್ನೂ ಹೇಳಬೇಕು. ಹಾಗೆ ಹೇಳಿದರೆ ದೋಷವಿಲ್ಲ. ಅವಳು ತಲೆ ತಗ್ಗಿಸಿಕೊಂಡೇ ಬಿಳಿಜೋಳದ ರಾಶಿಗೆ ನನ್ನ ಹೆಸರು ಹೊಂದಿಸಿ ಥಟ್ಟನೆ ಹೇಳಿಬಿಟ್ಟಳು. ಆಮೇಲೆ ನನ್ನ ಸರದಿ. ಊರಲ್ಲಿ ಹಾಡು ಕಟ್ಟುವವನೆಂದು ಹೆಸರಾದ ನನಗೆ ಒಂದಕ್ಷರ ಹೊಳೆಯಲಿಲ್ಲ. ಬೆವತುಬಿಟ್ಟೆ. “ಹೊಟ್ಟಿ ಹಸದೈತಿ, ದಾರಿ ಬಿಡ್ರಿ” ಎಂದು ಒಳಗೆ ನುಗ್ಗಿದೆ. ಎಲ್ಲರೂ ನಕ್ಕರು. “ಇರಲಿ ಬಿಡ್ರಿ, ಮುಂದ ಎಂದರ ಹೇಳೇ ಹೇಳತಾನ” ಎಂದಳು ಅಕ್ಕ.

ಮಗಳು ಹುಟ್ಟಿ ನಾಲ್ಕು ತಿಂಗಳಾಗಿತ್ತು. ಮಳೆಗಾಲದಲ್ಲಿ ಹೊಳೆಯಾಚೆಯ ಊರೊಂದರಲ್ಲಿ ಹಾಡಲು ಹೋಗಿದ್ದೆ. ತಿರುಗಿ ಬರುವಾಗ ಕೊಣ್ಣೂರಿನ ಹತ್ತಿರ ಮಲಪ್ರಭೆ ಏರಿ ಸೇತುವೆಯ ಮೇಲೆ ನೀರು ಹರಿಯುತ್ತಿತ್ತು. ಆಚೆ ದಂಡೆಯಲ್ಲೇ ಎರಡು ದಿನ ಕೂತೆ. ಗಾಡಿಗಳು ಎತ್ತುಗಳ ಕೊರಳು ಬಿಚ್ಚಿ ನಿಂತಿದ್ದವು, ಜನ ಮರದ ಕೆಳಗೆ ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ಹೆಂಡತಿ ಮಗುವಿನೊಂದಿಗೆ ಒಬ್ಬಳೇ ಇದ್ದಾಳೆಂದು ನನಗೆ ಜೀವ ತಡೆಯಲಿಲ್ಲ. ಅಲ್ಲಿ ಹುಟ್ಟಿದ್ದು ಹೊಳೆಯ ಹಾಡು.

ಮನೆಗೆ ಬಂದವನೇ ಮರೆಯುವ ಮೊದಲು ಅವಳ ಮುಂದೆ ಹಾಡಿದೆ. ಮರುದಿನ ತಿರುಗಿ ಹಾಡಿಸಿದೆ. ಅವಳು ಹಾಡಿದ್ದು ಹೀಗೆ:

ಹೊಳಿ ಇಳಿಯಲಿ ತಡಿ, ಗೆಳತಿ, ಒಂದ ಗಳಿಗಿ ತಡಿ,
ರೊಟ್ಟಿ ಆರಿದರ ಆರಲಿ, ದೀಪ ಆರದಂಗ ಹಿಡಿ.

ನಾನು ಕಟ್ಟಿದ್ದರಲ್ಲಿ ದೀಪ ಇರಲಿಲ್ಲ. ‘ನೀರರ ಒಂದಿಷ್ಟ ಕುಡಿ’ ಎಂದೇನೋ ಇತ್ತು. “ನಾ ಹಿಂಗ ಅಂದಿದ್ದಿಲ್ಲಲ್ಲ?” ಎಂದೆ. “ನೀವಽ ಅಂದಿದ್ರಿ, ನಿಮಗ ಮರತೈತಿ” ಎಂದಳು ನೂಲಿನ ಕಡೆ ನೋಡುತ್ತ. ಸಾಲು ಚಲೋ ಇತ್ತು, ನಾನು ನಂಬಿದೆ. ಚಲೋ ಇದ್ದದ್ದು ನನ್ನದೇ ಎಂದು ನಂಬುವುದು ನನಗೆ ಯಾವಾಗಲೂ ಕಷ್ಟವಾಗಿಲ್ಲ. ಹಾಡಿನ ಕೊನೆಗೆ, ‘ಹ್ಮ್‌ಹ್ಮ್ ಹೇಳಿದ ಮಾತಿದು, ಹೊಳಿ ಇಳಿಯಲಿ ತಡಿ’ ಎಂದು ಮುಗಿಸಿದಳು.

ಆ ಶ್ರಾವಣದಲ್ಲಿ ಪಂಚಮಿಗೆಂದು ಮಗುವನ್ನು ಎತ್ತಿಕೊಂಡು ತವರಿಗೆ ಹೋದಳು. ಜೋಕಾಲಿ ಆಡುವಾಗ, ಹೊಲದಲ್ಲಿ ಕಳೆ ತೆಗೆಯುವಾಗ ಬೆಳವಣಕಿಯ ಹೆಂಗಸರಿಗೆ ಹೊಳೆಯ ಹಾಡು ಕಲಿಸಿದಳು. ತಾನು ಹಾಡುವಂತೆಯೇ ಕಲಿಸಿದಳು, ‘ಹ್ಮ್‌ಹ್ಮ್’ ಸಮೇತ. ಹಾಡಿನ ಆ ಜಾಗ ಇರುವುದೇ ಹಾಗೆ ಎಂದು ಅವರು ತಿಳಿದರು. ಹತ್ತಿ ಬಿಡಿಸುವ ಸುಗ್ಗಿಯಲ್ಲಿ ನರಗುಂದದ ಕಡೆಯ ಆಳುಗಳು ಬೆಳವಣಕಿಗೆ ಬಂದರು. ಹಾಡು ಅವರ ಜೊತೆ ಹೋಯಿತು. ನನಗೆ ಇದೊಂದೂ ತಿಳಿಯದು.

ಸುಗ್ಗಿ ಮುಗಿದ ಮೇಲೆ ನರಗುಂದದ ಹತ್ತಿ ವ್ಯಾಪಾರಸ್ಥರೊಬ್ಬರು ನನ್ನನ್ನು ಕರೆಸಿದರು. ಅಷ್ಟು ದೊಡ್ಡ ಕೂಟದಲ್ಲಿ ನಾನು ಅಲ್ಲಿಯವರೆಗೆ ಹಾಡಿರಲಿಲ್ಲ. ಮಧ್ಯಾಹ್ನದ ಹೊತ್ತು, ಹತ್ತಿಯ ಅಂಗಳದಲ್ಲಿ ಜಮಖಾನೆ ಹಾಸಿದ್ದರು. ಹತ್ತಿಯ ಅಂಡಿಗೆಗಳ ಮೇಲೂ ಜನ ಕೂತಿದ್ದರು. ಬಸ್ಸಿನ ಹಾಡಿಗೆ ನಕ್ಕರು, ಬಳೆಯ ಹಾಡಿಗೆ ತಲೆದೂಗಿದರು. ಹೊಳೆಯ ಹಾಡನ್ನು ಕೊನೆಗೆಂದು ಇಟ್ಟುಕೊಂಡಿದ್ದೆ. ಮೊದಲ ಸಾಲು ಎತ್ತಿದ್ದೇ ತಡ, ಇಡೀ ಅಂಗಳ ನನ್ನ ಜೊತೆ ಹಾಡತೊಡಗಿತು. ನಾನು ಬರುವುದಕ್ಕಿಂತ ಮೊದಲೇ ನನ್ನ ಹಾಡು ನರಗುಂದಕ್ಕೆ ಬಂದಿದೆ! ನನ್ನ ಕಣ್ಣು ತುಂಬಿದವು. ಅಷ್ಟು ಸುಖವನ್ನು ನಾನು ಮತ್ತೆ ಕಂಡಿಲ್ಲ.

ಕೊನೆಯ ಸಾಲು ಬಂತು. ನಾನು ನನ್ನ ಹೆಸರು ಹಾಡಿದೆ. ಅದೇ ಉಸಿರಿನಲ್ಲಿ ಇಡೀ ಅಂಗಳ ಬೇರೊಂದು ಹೆಸರು ಹಾಡಿತು. ಅದೂ ನಾಲ್ಕಕ್ಷರದ್ದೇ, ಅಳತೆ ತೆಗೆದು ಹೊಲಿದಂತೆ ಆ ಜಾಗಕ್ಕೆ ಕೂತಿತ್ತು. ಅಷ್ಟು ಜನರ ದನಿಯಲ್ಲಿ ನನ್ನದು ನನಗೇ ಕೇಳಿಸಲಿಲ್ಲ.

ಹಾಡು ನಿಂತಿತು. ಮುಂದೆ ಕೂತಿದ್ದ ಹಿರಿಯರೊಬ್ಬರು ಮೆಲ್ಲಗೆ, “ಬ್ಯಾರೆಯವರ ಹಾಡಿಗೆ ತನ್ನ ಹೆಸರ ಹಚ್ಚಬಾರದಪಾ. ದನಿ ಚಲೋ ಐತಿ ನಿಂದು, ಅಷ್ಟ ಸಾಕಲ್ಲ?” ಎಂದರು. ಅವರು ಗದರಿದ್ದರೆ ನಾನೂ ಜಗಳಕ್ಕೆ ನಿಲ್ಲುತ್ತಿದ್ದೆ. ಆ ಮೆಲ್ಲಗಿನ ಮಾತಿನ ಜೊತೆ ಜಗಳ ಹೇಗೆ ಆಡುವುದು? ಇದು ನನ್ನದು, ನಾನು ಕೊಣ್ಣೂರಿನ ದಂಡೆಯಲ್ಲಿ ಕೂತು ಕಟ್ಟಿದ್ದು ಎಂದು ತೊದಲಿದೆ. ಯಾರೂ ನಂಬಲಿಲ್ಲ. ಆ ಹೆಸರಿನವನು ಅದೇ ಊರಿನ ಮೇಳದ ಹಾಡುಗಾರ. ಅಲ್ಲಿದ್ದವನೊಬ್ಬ ಹೇಳಿದ: “ಅಂವಾ, ಹತ್ತಿ ಬಿಡಸಾಕ ಬೆಳವಣಕಿಗೆ ಹೋಗಿ ಬಂದ ಹೆಣ್ಮಕ್ಕಳ ಬಾಯಾಗ ಕೇಳ್ಯಾನ. ಅಂಕಿತದ ಜಾಗಾ ಖಾಲಿ ಇತ್ತಂತ. ಖಾಲಿ ಇದ್ದ ಹಾಡ ಯಾರದೂ ಅಲ್ಲ, ತುಂಬಿದವರದು.” ನಮ್ಮ ಕಡೆಯ ರೂಢಿ ಹಾಗೇ ಇತ್ತು. ಆ ಮೇಳದವನ ಮೇಲೆ ಸಿಟ್ಟು ಮಾಡಲು ನನಗೆ ದಾರಿಯೇ ಉಳಿಯಲಿಲ್ಲ.

ಬೆಳವಣಕಿ ಎಂಬ ಮಾತು ಕೇಳಿದ್ದೇ ನನಗೆ ಎಲ್ಲ ಗೊತ್ತಾಯಿತು. ನರಗುಂದದಿಂದ ರೋಣ, ರೋಣದಿಂದ ಗಜೇಂದ್ರಗಡ, ದಾರಿಯುದ್ದಕ್ಕೂ ಬಸ್ಸಿನಲ್ಲಿ ಹಲ್ಲು ಕಚ್ಚಿಕೊಂಡು ಕೂತಿದ್ದೆ. ಮನೆಗೆ ಬಂದಾಗ ಅವಳು ತೊಟ್ಟಿಲು ತೂಗುತ್ತ ಕಂಡಿಕೆ ಸುತ್ತುತ್ತಿದ್ದಳು.

“ಒಮ್ಮೆ ನನ್ನ ಹೆಸರ ಅಂದಿದ್ರ ನಿನ್ನ ಗಂಟೇನ ಹೋಗತಿತ್ತು?” ಎಂದೆ.

ಏನಾಯಿತೆಂದು ಕೇಳಿದಳು. ಹೇಳಿದೆ. ಅವಳ ಮುಖ ಬಿಳಿಚಿಕೊಂಡಿತು. “ನನಗ ತಿಳೀಲಿಲ್ರಿ. ಹಾಡ ಹೋದಲ್ಲೆ ನಿಮ್ಮ ಹೆಸರೂ ಹೋಗತೈತಿ ಅಂದ್ಕೊಂಡಿದ್ನಿ” ಎಂದಳು.

“ಹ್ಯಾಂಗ ಹೋದೀತು? ನೀನಽ ನುಂಗೀದಿ. ಇನ್ನ ಮುಂದ ನನ್ನ ಹಾಡ ನಿನ್ನ ಬಾಯಾಗ ಬರಬಾರದು. ಒಂದ ಸಾಲೂ ಬರಬಾರದು.”

“ಆತ್ರಿ” ಎಂದಳು. ಅಳಲಿಲ್ಲ. ತೊಟ್ಟಿಲಿನ ಹಗ್ಗ ಕೈಯಲ್ಲೇ ಇತ್ತು.

ಅವಳು ಮಾತಿಗೆ ತಪ್ಪುವವಳಲ್ಲ. ಮುಂದೆ ಮೂರು ವರ್ಷ ನಮ್ಮ ಮನೆಯಲ್ಲಿ ನನ್ನ ಹಾಡು ಅವಳ ದನಿಯಲ್ಲಿ ಕೇಳಲಿಲ್ಲ. ಮಗಳನ್ನು ಮಲಗಿಸಲು ಸಹ ಬರಿಯ ‘ಜೋ ಜೋ’ ಅನ್ನುತ್ತಿದ್ದಳು. ಉಳಿದದ್ದೆಲ್ಲ ಮೊದಲಿನಂತೆಯೇ: ರೊಟ್ಟಿ, ನೂಲು, ಪಂಚಮಿಗೆ ತವರು. ನನ್ನ ಸಿಟ್ಟು ಒಂದು ತಿಂಗಳಿಗೆ ಇಳಿದಿತ್ತು. ಆದರೆ ಬೇಡ ಎಂದವನೇ ಈಗ ಹಾಡು ಎಂದು ಹೇಗೆ ಹೇಳುವುದು? ಮಗ್ಗದಲ್ಲಿ ಹೊಸ ಹಾಡು ಹುಟ್ಟುತ್ತಿತ್ತು, ಸಂಜೆಗೆ ಇರುತ್ತಿತ್ತು, ಬೆಳಿಗ್ಗೆ ಇರುತ್ತಿರಲಿಲ್ಲ. ಅವಳು ಪಕ್ಕದಲ್ಲೇ ಕೂತಿರುತ್ತಿದ್ದಳು. ಅವಳಿಗೆ ಅದು ನೆನಪಿದೆ ಎಂದು ನನಗೆ ಗೊತ್ತಿತ್ತು. ಕೇಳಲಿಲ್ಲ. ಎಷ್ಟು ಹಾಡು ಹಾಗೆ ಹೋದವೋ ಲೆಕ್ಕವಿಲ್ಲ. ಮೂರ್ಖತನಕ್ಕೆ ಮರ್ಯಾದೆ ಎಂದು ಹೆಸರಿಟ್ಟುಕೊಂಡು ಬದುಕಿದೆ.

ನಾಲ್ಕನೆಯ ಬೇಸಗೆಯಲ್ಲಿ ಅವಳಿಗೆ ಜ್ವರ ಬಂತು. ಊರಿನ ಔಷಧಕ್ಕೆ ಇಳಿಯಲಿಲ್ಲ. ಬಸ್ಸಿನಲ್ಲಿ ಮಲಗಿಸಿಕೊಂಡು ರೋಣದ ದವಾಖಾನೆಗೆ ಕರೆದೊಯ್ದೆ. ಅವಳನ್ನು ಬೆಂಚಿನ ಮೇಲೆ ಮಲಗಿಸಿ ನೀರು ತರಲು ಹೋಗಿದ್ದೆ. ತಿರುಗಿ ಬಂದಾಗ ಕಂಪೌಂಡರು ಪುಸ್ತಕ ಹಿಡಿದು ನಿಂತಿದ್ದರು. “ನೋಡ್ರಿ, ಗಂಡನ ಹೆಸರ ಕೇಳಿ ಕೇಳಿ ಸಾಕಾತು. ಜ್ವರದಾಗ ಸುಡಾಕತ್ತಾರ, ಆದರೂ ಬಾಯಿ ಬಿಡವಲ್ರು” ಎಂದರು. ನಾನೇ ಹೇಳಿದೆ. ಅವರು ಬರೆದುಕೊಂಡರು. ಅವಳು ನನ್ನ ಕಡೆ ನೋಡಿ ಸ್ವಲ್ಪ ನಕ್ಕಂತೆ ಮಾಡಿದಳು.

ಆ ದಿನ ಸಂಜೆ ಹಾಸಿಗೆಯ ಪಕ್ಕ ಕೂತು, “ಅಷ್ಟ ಅಂದಿದ್ರ ಏನಾಗತಿತ್ತಽ?” ಎಂದು ಕೇಳಿದೆ. ಈ ಸಲ ಸಿಟ್ಟಿನಿಂದಲ್ಲ.

“ಏನೂ ಆಗತಿದ್ದಿಲ್ಲ ಅಂತ ನೀವು ಅಂತೀರಿ. ಆದ್ರ ಏನರ ಆಗಿದ್ರ? ನಿಮ್ಮ ಜೀವದ ಜೋಡಿ ಆಟ ಆಡಾಕ ನನಗ ಧೈರ್ಯ ಇಲ್ರಿ” ಎಂದಳು.

ಹೊಳೆಯ ಹಾಡು ಒಮ್ಮೆ ಹಾಡು ಎನ್ನಬೇಕೆಂದು ನಾಲಿಗೆಯ ತುದಿಗೆ ಬಂತು. ಮೂರು ವರ್ಷದ ಹಿಂದೆ ನಾನು ಆಡಿದ ಮಾತನ್ನು ಆಗಲಾದರೂ ಹಿಂದೆ ತಗೊಳ್ಳಬೇಕಿತ್ತು. ಪಕ್ಕದ ಹಾಸಿಗೆಗಳಲ್ಲಿ ಜನ ಇದ್ದಾರೆ, ನಾಳೆ ಜ್ವರ ಇಳಿದ ಮೇಲೆ ಕೇಳಿದರಾಯಿತು ಎಂದುಕೊಂಡೆ. ಜ್ವರ ಇಳಿಯಲೇ ಇಲ್ಲ, ನಾಲ್ಕನೆಯ ದಿನ ಬೆಳಿಗ್ಗೆ ಅವಳು ತೀರಿಕೊಂಡಳು. ಆ ಒಂದು ಮಾತು ಕೇಳದೆ ಉಳಿದದ್ದಕ್ಕೆ ನಾನು ಈ ವಯಸ್ಸಿನವರೆಗೂ ನನ್ನನ್ನು ಕ್ಷಮಿಸಿಲ್ಲ.

ದುಃಖ ಒಂದು ಕಡೆ, ನಾಚಿಕೆ ಇನ್ನೊಂದು ಕಡೆ. ತಿಂಗಳುಗಳಾದ ಮೇಲೆ ಏಕತಾರಿ ಕೈಗೆ ತಗೊಂಡೆ. ಐದಾರು ಹಾಡು ಬಿಟ್ಟರೆ ಏನೂ ನೆನಪಿಲ್ಲ. ಹೊಳೆಯ ಹಾಡಿನಲ್ಲಿ ಮೊದಲೆರಡು ಸಾಲು, ಕೊನೆಯ ಸಾಲು, ನಡುವೆ ಏನೂ ಇಲ್ಲ. ಇಷ್ಟು ವರ್ಷ ಹಾಡುಗಾರನೆಂದು ತಿರುಗಿದವನು ನಾನು, ಹಾಡುಗಳನ್ನು ಹೊತ್ತವಳು ಅವಳು. ಬೇರೆ ದಾರಿ ಕಾಣದೆ ಹತ್ತಿಯ ಸುಗ್ಗಿಯಲ್ಲಿ ಮಗಳನ್ನು ಕರೆದುಕೊಂಡು ಬೆಳವಣಕಿಗೆ ಹೋದೆ. ಅವಳು ಕಲಿಸಿದವರ ಬಾಯಿಂದಾದರೂ ತಿರುಗಿ ಕಲಿಯೋಣವೆಂದು.

ನನ್ನ ಅತ್ತೆ ಹೆಚ್ಚು ಮಾತಾಡಲಿಲ್ಲ. ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಪಡಸಾಲೆಯಲ್ಲಿ ಹತ್ತಿಯ ಕಸ ಆರಿಸುತ್ತಿದ್ದ ಹೆಂಗಸರಿಗೆ, “ಅಳಿಯಂದ್ರ ಬಂದಾರ. ಅಕಿ ಕಲಿಸಿದ್ದ ಹೊಳಿ ಹಾಡ ಹಾಡ್ರಿ” ಎಂದರು. ಏಳೆಂಟು ಜನರಿದ್ದರು. ಕೈಯ ಕೆಲಸ ಬಿಡದೆ ಹಾಡಿದರು. ಮರೆತ ಸಾಲುಗಳೆಲ್ಲ ಒಂದೊಂದಾಗಿ ತಿರುಗಿ ಬಂದವು. ಅವಳು ಉಸಿರು ತಗೊಳ್ಳುತ್ತಿದ್ದ ಕಡೆಯೇ ಅವರೂ ತಗೊಂಡರು. ಕೊನೆಯ ಸಾಲು ಬಂತು. ‘ಹ್ಮ್‌ಹ್ಮ್ ಹೇಳಿದ ಮಾತಿದು’ ಎಂದರು. ಮುಗಿಯಿತೆಂದು ನಾನು ಕಣ್ಣು ಒರೆಸಿಕೊಂಡೆ. ಮುಗಿದಿರಲಿಲ್ಲ. ಎಲ್ಲರೂ ಕೈ ನಿಲ್ಲಿಸಿ, ರಾಗ ಬಿಟ್ಟು, ಒಡಪು ಹೇಳುವ ಧಾಟಿಯಲ್ಲಿ ಹೇಳಿದರು:

ಕುಣಿಯೊಳಗ ಮಗ್ಗ, ಮಗ್ಗದೊಳಗ ಲಾಳಿ,
—— ಅವರು ಕಟ್ಟಿದ ಹಾಡಿದು, ಕೇಳಿದವರಿಗೆ ಹೇಳಿ.

ನಾನು ಇಲ್ಲಿ ಗೆರೆ ಎಳೆಸಿದ ಜಾಗದಲ್ಲಿ ನನ್ನ ಹೆಸರಿತ್ತು. ಎಲ್ಲ ಬಾಯಿಗಳೂ ಸ್ಪಷ್ಟವಾಗಿ, ಒಂದಕ್ಷರ ನುಂಗದೆ ಹೇಳಿದವು.

ಇದು ಎಲ್ಲಿಂದ ಬಂತೆಂದು ಅತ್ತೆಯನ್ನು ಕೇಳಿದೆ.

“ನರಗುಂದದಾಗ ಹಂಗಾದ ವರ್ಷ ಪಂಚಮಿಗೆ ಬಂದಿದ್ಲಲ್ರಿ, ಆವಾಗ ಕಟ್ಟಿದ್ಲು. ಯಾರ‍್ಯಾರಿಗೆ ಹಾಡ ಕಲಿಸಿದ್ಲೋ ಅವರೆಲ್ಲಾರ ಮನಿಗೂ ಹೋದ್ಲು. ನಾ ಕೊಟ್ಟದ್ದ ಅರ್ಧಾ, ಉಳಿದದ್ದ ತಗೋರಿ ಅಂದ್ಲು. ಒಡಪಿನಾಗ ಅಂದ್ರ ದೋಷ ಇಲ್ಲಲ್ರಿ. ಮುಂದಿನ ಎರಡ ಪಂಚಮಿಗೂ ಬಂದಾಕಿ, ಸುತ್ತಲಿನ ಹಳ್ಳಿಗೂ ಹೋಗಿ ಹೇಳಿ ಬಂದ್ಲು.”

“ಮೂರು ವರ್ಷ ಇಲ್ಲೆ ಬಂದ ಹಾಡಿದ್ಲೇನ್ರಿ?” ಎಂದೆ.

“ಹಾಡಲಿಲ್ರಿ” ಎಂದರು ಅತ್ತೆ. “ನೀವು ಬ್ಯಾಡ ಅಂದಿದ್ರಂತ. ಬರೇ ಮಾತಿನಾಗ ಹೇಳಿದ್ಲು.”

ನನಗೆ ಅಲ್ಲಿ ಕೂರಲಾಗಲಿಲ್ಲ. ಹಿತ್ತಲಿಗೆ ಹೋಗಿ ಗೋಡೆ ಹಿಡಿದುಕೊಂಡು ಅತ್ತುಬಿಟ್ಟೆ. ಯಾವ ಹೆಸರಿಗಾಗಿ ಅವಳ ಬಾಯಿ ಕಟ್ಟಿದೆನೋ ಆ ಹೆಸರನ್ನು ಅವಳು ಮನೆ ಮನೆಗೆ ನಡೆದು ತಲುಪಿಸಿದ್ದಳು. ರೂಢಿಯನ್ನೂ ಮುರಿಯದೆ, ನನ್ನ ಮಾತನ್ನೂ ಮೀರದೆ. ಒಡಪು ಹೆಣ್ಣುಮಕ್ಕಳ ಆಟ ಎಂದು ತಿಳಿದಿದ್ದ ನನಗೆ ಆ ದಾರಿ ಹೊಳೆದಿರಲೇ ಇಲ್ಲ.

ಆಮೇಲೆ ಬಹಳ ವರ್ಷ ಹಾಡಿದೆ. ಹೊಳೆಯ ಹಾಡಿನಲ್ಲಿ ಕೊನೆಯ ಸಾಲಿಗೆ ಬಂದು ಬಾಯಿ ಮುಚ್ಚುತ್ತಿದ್ದೆ. ರೋಣವಿರಲಿ, ನರಗುಂದವಿರಲಿ, ಕೂಟದಲ್ಲಿದ್ದ ಹೆಂಗಸರು ಆ ಒಡಪು ಹೇಳಿ ಮುಗಿಸುತ್ತಿದ್ದರು. ಜನ ಈಗ ಅದನ್ನು ನನ್ನ ಹಾಡೆಂದೇ ಹೇಳುತ್ತಾರೆ. ದೀಪದ ಸಾಲು ಯಾರದೆಂದು ಯಾರಿಗೂ ಗೊತ್ತಿಲ್ಲ. ಅವಳ ಹೆಸರು ಅದರಲ್ಲಿ ಎಲ್ಲೂ ಇಲ್ಲ.

ಅದನ್ನೊಂದು ಸರಿ ಮಾಡಬೇಕೆಂದೇ ಇದನ್ನು ಬರೆಸಲು ಕೂತದ್ದು. ಗಂಡನಿಗೂ ಒಡಪು ಇದೆಯಲ್ಲ, ಹೊಸ್ತಿಲಲ್ಲಿ ಹೇಳದೆ ಬಿಟ್ಟದ್ದನ್ನು ಈಗ ಹೇಳೋಣವೆಂದು. ಅವಳ ಹೆಸರು ಕರೆದು ನನಗೂ ರೂಢಿಯಿಲ್ಲ. ಅವಳು ಬದುಕಿರುವವರೆಗೆ ‘ಏ’, ‘ಕೇಳಿಲ್ಲೇನ’ ಎಂದೇ ಕರೆದೆ. ಮೊದಲ ಸಾಲು ಕಷ್ಟವಿಲ್ಲ, ದೀಪ ಬರುತ್ತದೆ, ಹೊಳೆ ಬರುತ್ತದೆ. ಎರಡನೆಯ ಸಾಲೂ ಬರುತ್ತದೆ. ಇನ್ನು ಹೆಸರೊಂದು ಹೇಳಬೇಕು. ಎದುರಿಗೆ ಮಗಳು ಪೆನ್ನು ಹಿಡಿದು ಕಾಯುತ್ತಾಳೆ. ಅವಳಿಗೆ ತಾಯಿಯ ಹೆಸರು ಗೊತ್ತು, ಆದರೂ ನನ್ನ ಬಾಯಿಂದ ಬರಲೆಂದು ಬರೆಯುವುದಿಲ್ಲ. ಸಾಲು ಎತ್ತುತ್ತೇನೆ, ಹೆಸರಿನ ಜಾಗ ಬರುತ್ತದೆ. ‘ಹ್ಮ್‌ಹ್ಮ್’ ಎನ್ನುತ್ತೇನೆ.